ಅತ್ತೆಯ ಸ್ತೋತ್ರದ ಕವರು

ದೇವರಿಗೆ ಅರೆಗಳಿಗೆ ಬಿಡುವು ಸಿಗದಂತೆ ಮಾಡಿರುವವರು ಹಾನಗಲ್ಲಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮನೆಯಲ್ಲೇ ಇರುವ ಸೋದರತ್ತೆ. ಬೇಡಿ ಬೇಡಿ ಅಲ್ಲ, ಬೇಡುವುದಕ್ಕೆ ನಾವೆಲ್ಲ ಇದ್ದೇವೆ. ಈಕೆ ಉಪಕಾರ ಹೇಳಿ ಹೇಳಿ! ನನಗಂತೂ ಖಾತ್ರಿ, ಈಕೆಯ ದನಿ ಕೇಳಿದ ಕೂಡಲೇ ಮೇಲೆ ಯಾರೋ ದೇವದೂತರು ‘ಮತ್ತ ಬಂದಳಪಾ’ ಎಂದು ಹಣೆ ಹಣೆ ಬಡಿದುಕೊಳ್ಳುತ್ತಾರೆ. ನೀವು ನಗಬಹುದು. ನಿಮ್ಮ ಮಗಳ ಸಂಬಂಧವೇನೂ ಆಕೆಯ ಕೈಗೆ ಸಿಕ್ಕಿರಲಿಲ್ಲ. ನನ್ನ ಮಗಳದ್ದು ಸಿಕ್ಕಿತ್ತು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿ ಇದೆ. ದೇವರು ಒಳ್ಳೆಯದು ಮಾಡಿದಾಗ ಕವರಿನಲ್ಲಿ ಕೃತಜ್ಞತಾ ಕಾಣಿಕೆ ಇಟ್ಟು, ಮೇಲೆ ಹೆಸರು ಮತ್ತು ಕಾರಣ ಬರೆದು ಕೊಡುವುದು. ಭಾನುವಾರದ ಆರಾಧನೆಯಲ್ಲಿ ಪಾಸ್ಟರು ಅದನ್ನು ಎಲ್ಲರೆದುರು ಓದಿ ಪ್ರಾರ್ಥಿಸುವುದು. ಮರ್ಯಾದಸ್ಥರು ಏನು ಬರೆಯುತ್ತಾರೆ? ಹುಟ್ಟಿದ ದಿನ, ಮದುವೆಯ ದಿನ, ಮಗ ಪಾಸಾದದ್ದು, ಹೊಸ ಗಾಡಿ. ನಮ್ಮತ್ತೆ ಏನು ಬರೆಯುತ್ತಾಳೆ? ‘ಹಾವೇರಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದಕ್ಕೆ.’ ‘ಬೆಕ್ಕು ಹಾಲಿಗೆ ಬಾಯಿ ಹಾಕುವ ಮೊದಲೇ ಎಚ್ಚರವಾದದ್ದಕ್ಕೆ.’ ಅದೂ ಹೋಗಲಿ, ಅವು ಆಕೆಯ ಸ್ವಂತ ಉಪಕಾರಗಳು ಎಂದು ಸುಮ್ಮನಿದ್ದೆ. ಒಂದು ಭಾನುವಾರ ಪಾಸ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು: ‘ನಮ್ಮಣ್ಣನ ಮಗನಿಗೆ ನಾಲ್ಕು ದಿನದ ಮೇಲೆ ಹೊಟ್ಟೆ ಸಾಫ್ ಆದದ್ದಕ್ಕೆ.’ ಆಕೆಗೆ ಇದ್ದವನು ಒಬ್ಬನೇ ಅಣ್ಣ, ನಮ್ಮಪ್ಪ. ನಮ್ಮಪ್ಪನಿಗೆ ಇರುವವನು ಒಬ್ಬನೇ ಮಗ, ನಾನು! ನಾನೋ ಹೈಸ್ಕೂಲು ಮಾಸ್ತರ. ಹಿಂದಿನ ಬೆಂಚಿನಲ್ಲಿ ನನ್ನದೇ ಒಂಬತ್ತನೇ ತರಗತಿಯ ಮೂವರು ಹುಡುಗಿಯರು ಕೂತಿದ್ದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು ತಮ್ಮ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದರು.

ಇನ್ನೊಮ್ಮೆ ಹತ್ತಿಮತ್ತೂರಿನ ನೆಂಟರ ಹೊಸ ಮನೆಯ ಪ್ರಾರ್ಥನೆಗೆಂದು ಇಬ್ಬರೂ ಹೊರಟೆವು. ಸವಣೂರಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಸ್ಸಿನವರೆಲ್ಲ ಕೆಳಗಿಳಿದು ಡ್ರೈವರನ ವಂಶವನ್ನು ವಿಚಾರಿಸುತ್ತಿದ್ದರೆ, ನಮ್ಮತ್ತೆ ನನ್ನನ್ನು ದರದರ ಎಳೆದುಕೊಂಡು ಹೋಗಿ ಹುಣಸೆಮರದ ಕೆಳಗೆ ನಿಲ್ಲಿಸಿ, ಬಸ್ಸು ಬಿಸಿಲಿನಲ್ಲಿ ಕೆಡದೆ ನೆರಳಿದ್ದಲ್ಲಿ ಕೆಟ್ಟದ್ದಕ್ಕಾಗಿ ಸ್ತೋತ್ರ, ಅಂದರೆ ಉಪಕಾರದ ಪ್ರಾರ್ಥನೆ, ಶುರುಮಾಡಿದಳು. ಮರಕ್ಕೆ ಸ್ತೋತ್ರ, ನೆರಳಿಗೆ ಸ್ತೋತ್ರ, ಯಾವ ಕಾಲದಲ್ಲೋ ಅದನ್ನು ನೆಟ್ಟ ಪುಣ್ಯಾತ್ಮನಿಗೆ ಸ್ತೋತ್ರ. ಅಷ್ಟರಲ್ಲಿ ಬಸ್ಸಿನ ಸದ್ದು ಕೇಳಿತು. ಕಂಡಕ್ಟರ್ ಸೀಟಿ ಊದಿದ, ಕೂಗಿದ. ನಾನು ಒಂದು ಕಣ್ಣು ತೆರೆದೆ. ಪ್ರಾರ್ಥನೆಯ ನಡುವೆ ಕಣ್ಣು ತೆರೆಯಬಾರದೆಂದು ಆಕೆ ನನ್ನ ಮುಂಗೈ ಹಿಡಿದು ಹಿಂಡಿದಳು. ಆಮೆನ್ ಬರುವ ಹೊತ್ತಿಗೆ ರಸ್ತೆಯ ಮೇಲೆ ಧೂಳು ಮಾತ್ರ ಉಳಿದಿತ್ತು. ಆಕೆ ಚೀಲದಿಂದ ಚುರುಮುರಿ ತೆಗೆದು, ಇನ್ನೊಂದು ಬಸ್ಸು ಬರುವತನಕ ತಿನ್ನಲು ಇಷ್ಟಾದರೂ ಇದೆಯಲ್ಲ ಎಂದು ಮತ್ತೆ ಕಣ್ಣು ಮುಚ್ಚಿದಳು!

ಈಗ ಮಗಳ ವಿಷಯ. ನಾಲ್ಕನೇ ತರಗತಿಯಲ್ಲಿದ್ದಾಗ ಅವಳಿಗೆ ಫಿಟ್ಸ್ ಶುರುವಾಯಿತು. ಪಿಯುಸಿಗೆ ಬರುವ ಹೊತ್ತಿಗೆ ನಿಂತುಹೋಯಿತು, ಡಾಕ್ಟರು ಮಾತ್ರೆಯನ್ನೂ ನಿಲ್ಲಿಸಿದರು. ಈಗ ಮನೆಯಿಂದಲೇ ಓಡಾಡಿಕೊಂಡು ಶಿಗ್ಗಾವಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಊರವರ ರಕ್ತ ಪರೀಕ್ಷೆ ಮಾಡುತ್ತಾಳೆ. ಎಲ್ಲರೂ ಮರೆತರು. ಮರೆಯಲು ಬಿಡಬೇಕಲ್ಲ ನಮ್ಮತ್ತೆ! ಪ್ರತಿವರ್ಷ ಚರ್ಚಿನ ಸುಗ್ಗಿ ಹಬ್ಬದ ಭಾನುವಾರ, ‘ನಮ್ಮ ಕೂಸಿಗೆ ಫಿಟ್ಸ್ ನಿಂತದ್ದಕ್ಕೆ’ ಎಂದು ಕವರು. ಮದುವೆಗೆ ಬಂದ ಹುಡುಗಿಯ ರೋಗವನ್ನು ವರ್ಷಕ್ಕೊಮ್ಮೆ ಇಡೀ ಸಭೆಗೆ ಓದಿ ಹೇಳಿಸುವ ಮನೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಈ ವರ್ಷ ಹಿರೇಕೆರೂರಿನಿಂದ ಒಳ್ಳೆಯ ಸಂಬಂಧ ಬಂತು. ಹುಡುಗನಿಗೆ ಕೃಷಿ ಇಲಾಖೆಯಲ್ಲಿ ನೌಕರಿ, ಸಂಭಾವಿತ ಮನೆತನ. ಹುಡುಗಿ ಒಪ್ಪಿಗೆಯಾಗಿದ್ದಳು. ಅವರು ನಮ್ಮ ಚರ್ಚಿಗೇ ಬಂದು ಆರಾಧನೆ ಮುಗಿಸಿ, ಮನೆಯಲ್ಲಿ ಉಂಡು, ಮಾತು ಪಕ್ಕಾ ಮಾಡುವುದೆಂದಾಯಿತು. ಬರುವುದು ಯಾವತ್ತು? ಸುಗ್ಗಿ ಹಬ್ಬದ ಭಾನುವಾರವೇ! ಫಿಟ್ಸಿನ ಮಾತನ್ನು ನಾನು ಅವರ ಹತ್ತಿರ ಎತ್ತಿರಲಿಲ್ಲ. ಹೋದ ರೋಗವನ್ನು ಯಾರಾದರೂ ಬೀಗರ ಮುಂದೆ ಕರೆದು ಕೂಡಿಸುತ್ತಾರೆಯೇ? ಅತ್ತೆಯ ಮುಂದೆ ಕೈಮುಗಿದು ಕೂತೆ.

“ಈ ಒಂದು ವರ್ಷ ಕವರ ಬ್ಯಾಡ ಅತ್ತಿ. ಮನ್ಯಾಗ ಹೇಳು, ಬಾಗಲಾ ಹಾಕ್ಕೊಂಡು ಹೇಳು. ದೇವರಿಗೆ ಅಲ್ಲಿಂದನೂ ಕೇಳಸ್ತೈತಿ.”

“ಜಡ್ಡ ಇದ್ದಾಗ ಸಭಿ ಮುಂದ ನಿಂತು ಅತ್ತು ಬೇಡ್ಕೊಂಡ್ವಿ,” ಎಂದಳು. “ಆರಾಮಾದ ಮ್ಯಾಲೆ ಬಾಗಲಾ ಹಾಕ್ಕೊಂಡು ಉಪಕಾರ ಹೇಳೂದು ಯಾವ ನ್ಯಾಯ ತಮ್ಮಾ?”

ನಾನು ರೇಗಿದೆ. ಮೂರು ದಿನ ಆಕೆಯ ಜೊತೆ ಮಾತು ಬಿಟ್ಟೆ. ನಾಲ್ಕನೆಯ ದಿನ ಆಕೆಯೇ ಬಂದು, ಕೂಸಿನ ಸಲುವಾಗಿ ಈ ಸಲ ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟಳು. ಅಂದಿನಿಂದ ಆಕೆಗೆ ಊಟ ಸೇರಲಿಲ್ಲ. ನನಗೋ ಹೊಟ್ಟೆ ತುಂಬ ಊಟ ಸೇರಿತು.

ಭಾನುವಾರ ಚರ್ಚಿನ ಮುಂಭಾಗದಲ್ಲಿ ಭತ್ತದ ಸಿವುಡು, ಗೋವಿನಜೋಳ, ಬದನೆಕಾಯಿ, ಬಾಳೆಗೊನೆ ರಾಶಿ ಬಿದ್ದಿದ್ದವು. ಹಿರೇಕೆರೂರಿನವರು ನಮ್ಮ ಬೆಂಚಿನಲ್ಲೇ ಕೂತಿದ್ದರು, ಹುಡುಗನ ತಾಯಿಯ ಪಕ್ಕದಲ್ಲಿ ಮಗಳು. ಪಾಸ್ಟರು ಕವರುಗಳನ್ನು ಓದುತ್ತ ಹೋದರು. ಹುಟ್ಟಿದ ದಿನ, ಬೋರ್‌ವೆಲ್ಲಿಗೆ ನೀರು ಬಿದ್ದದ್ದು, ಮೊಮ್ಮಗಳು. ನಾನು ಹಾಯಾಗಿ ಹಿಂದಕ್ಕೆ ಒರಗಿದೆ. ಆಗ ಪಾಸ್ಟರು ನನ್ನ ಮಗಳ ಹೆಸರು ಹೇಳಿ ಓದಿದರು: ‘ನನಗೆ ಫಿಟ್ಸ್ ಬರುವುದು ನಿಂತು ಎಂಟು ವರ್ಷವಾದದ್ದಕ್ಕೆ.’

ನಾನು ಅತ್ತೆಯ ಕಡೆ ಹೇಗೆ ನೋಡಿದೆನೆಂದರೆ, ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಸುಟ್ಟು ಬೂದಿಯಾಗಬೇಕಿತ್ತು. ಆದರೆ ಅತ್ತೆ ಬಾಯಿ ತೆರೆದು ಮಗಳನ್ನು ನೋಡುತ್ತಿದ್ದಳು. ಆಕೆಗೂ ಗೊತ್ತಿರಲಿಲ್ಲ. ಬರೆದವಳು ಮಗಳೇ! ಹೊರಗೆ ಬಂದ ಕೂಡಲೇ ಅವಳನ್ನು ಗೋಡೆಯ ಮರೆಗೆ ಕರೆದು, ನಿನಗೆ ತಲೆ ಕೆಟ್ಟಿದೆಯೇ ಎಂದು ಕೇಳಿದೆ.

“ಮುಚ್ಚಿಟ್ಟು ಕೊಟ್ರ ಜೀವಮಾನ ಪೂರ್ತಿ ಹೆದರ್ಕೊಂಡು ಬದಕಾಕಿ ನಾನಪ್ಪಾ, ನೀ ಅಲ್ಲ,” ಎಂದಳು.

ಹಿರೇಕೆರೂರಿನವರು ಮನೆಗೆ ಬಂದರು, ಉಂಡರು, ಹೋಳಿಗೆ ಮೆತ್ತಗಾಗಿವೆ ಎಂದು ಹೊಗಳಿದರು. ಹುಡುಗನ ತಾಯಿ ಯಾವ ಡಾಕ್ಟರು, ಎಷ್ಟು ವರ್ಷ ಮಾತ್ರೆ ಎಂದು ಮೆಲ್ಲಗೆ ವಿಚಾರಿಸಿದರು. ಮಗಳು ಎಲ್ಲಕ್ಕೂ ಉತ್ತರ ಹೇಳಿದಳು. ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ತಿಳಿಸುತ್ತೇವೆ ಎಂದು ಹೋದವರು ಶನಿವಾರ ಫೋನು ಮಾಡಿ, ಬೇಡವೆಂದು ತಿಳಿಸಿದರು.

ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ಫೋನು ಇಟ್ಟವನೇ ಅತ್ತೆಯ ಮೇಲೆ ಹರಿಹಾಯ್ದೆ. ತಪ್ಪು ಆಕೆಯದಲ್ಲ ಎಂದು ಗೊತ್ತಿದ್ದೂ ಹರಿಹಾಯ್ದೆ. ಹುಡುಗಿಗೆ ಈ ಹುಚ್ಚು ಕಲಿಸಿದವರು ಯಾರು? ಎಂಟು ವರ್ಷ ಅವಳ ಕಿವಿಯಲ್ಲಿ ಊದಿದವರು ಯಾರು? ಇದಕ್ಕೂ ಒಂದು ಕವರು ಬರೆ, ಸಂಬಂಧ ಮುರಿದದ್ದಕ್ಕೆ ಸ್ತೋತ್ರ ಎಂದು ಬರೆ, ನಾಳೆ ನಾನೇ ಒಯ್ದು ಕೊಡುತ್ತೇನೆ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ರಾತ್ರಿ ನನ್ನ ಹೆಂಡತಿ ತಟ್ಟೆಗಳನ್ನು ತಂದಿಟ್ಟಳು.

ನಮ್ಮ ಮನೆಯಲ್ಲಿ ಊಟದ ಪ್ರಾರ್ಥನೆ ಅತ್ತೆಯದೇ. ರೊಟ್ಟಿ ತಣ್ಣಗಾಗುವತನಕ ಮುಗಿಯುವುದಿಲ್ಲವೆಂದು ನಾನು ಗೊಣಗುವುದೂ ರೂಢಿ. ಅಂದು ಎಲ್ಲರೂ ಕೈಜೋಡಿಸಿ ಕಣ್ಣು ಮುಚ್ಚಿದೆವು. ಪ್ರಾರ್ಥನೆ ಬರಲಿಲ್ಲ. ಕಣ್ಣು ತೆರೆದರೆ ಅತ್ತೆ ಜೋಡಿಸಿದ ಕೈ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

“ಇವತ್ತ ನನಗ ಬಾಯಿ ಬರವಲ್ದು ತಮ್ಮಾ,” ಎಂದಳು. “ದೇವರ ಮ್ಯಾಲೆ ಸಿಟ್ಟು ಬಂದೈತಿ. ನನ್ನ ಬದ್ಲಿ ನೀ ಹೇಳು.”

ನಾನೇ? ಏನೆಂದು ಹೇಳಲಿ? ಯಾತಕ್ಕೆ ಹೇಳಲಿ? ಎದುರಿಗೆ ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಅವಳು ಸಣ್ಣವಳಿದ್ದಾಗ, ಉಣ್ಣುತ್ತ ಉಣ್ಣುತ್ತ ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಅತ್ತೆ ಒಂದು ಕೈ ಅವಳ ಬೆನ್ನಿಗೆ ಕೊಟ್ಟುಕೊಂಡೇ ಊಟ ಮಾಡುತ್ತಿದ್ದಳು. ವರ್ಷಗಟ್ಟಲೆ ಹಾಗೆ, ಒಂದೇ ಕೈಯಲ್ಲಿ ರೊಟ್ಟಿ ಮುರಿದು ಉಂಡಳು. ಈಗ ಮಗಳ ಬೆನ್ನ ಹಿಂದೆ ಯಾರ ಕೈಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಕಣ್ಣು ಮುಚ್ಚಿದೆ.

“ದೇವರಾ, ನನ್ನ ಮಗಳು ನಮ್ಮ ಜೋಡಿ ಊಟಕ್ಕ ಕುಂತಾಳ,” ಎಂದೆ.

ಅತ್ತೆ ಆಮೆನ್ ಎಂದಳು.