ಮರೆವು, ಧ್ಯಾನ ಮತ್ತು ನಮ್ಮಪ್ಪನ ಕಡೆಯವರು

ಕ್ಯಾನ್ಸರ್ ಇರುವಷ್ಟು ದಿನ ಜನ ನಮ್ಮ ಎಲ್ಲ ತಪ್ಪುಗಳನ್ನೂ ಮನ್ನಿಸುತ್ತಾರೆ. ವಾಸಿಯಾದ ಮೇಲೆ ಒಂದನ್ನೂ ಮನ್ನಿಸುವುದಿಲ್ಲ. ಕೂದಲು ಮತ್ತೆ ಬಂತಲ್ಲ, ಇನ್ನೇನು ತೊಂದರೆ ಎನ್ನುತ್ತಾರೆ. ಕೂದಲು ಬಂದದ್ದು ನಿಜ, ಅದರ ಕೆಳಗಿದ್ದ ಕೆಲವು ಮಾತುಗಳು ಮಾತ್ರ ವಾಪಸ್ಸು ಬರಲಿಲ್ಲ. ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ನಾನು ಕೆಮಿಸ್ಟ್ರಿ ಮೇಡಂ. ಕೀಮೋ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಬೋರ್ಡಿನ ಮುಂದೆ ನಿಂತು ಹೈಡ್ರೋಜನ್‌ನ ಹೆಸರು ಮರೆತೆ. ಇನ್ನು ಈ ಕೆಲಸ ನನ್ನದಲ್ಲ ಎಂದುಕೊಂಡು ಬೆವರುತ್ತಾ, "ಎಲ್ಲಕ್ಕಿಂತ ಹಗುರ ಇರುತ್ತಲ್ಲ, ಆ ಅನಿಲ ಯಾವುದು?" ಎಂದೆ. ಇಡೀ ತರಗತಿ ಒಟ್ಟಿಗೆ ಉತ್ತರ ಹೇಳಿತು. ಮಕ್ಕಳು ಅದನ್ನು ಪ್ರಶ್ನೆ ಎಂದುಕೊಂಡಿದ್ದರು. ಅಂದಿನಿಂದ ಮರೆತದ್ದನ್ನೆಲ್ಲ ಪ್ರಶ್ನೆ ಮಾಡಿ ಕೇಳುತ್ತಾ ಪಾಠ ಸಾಗಿಸಿದೆ. ಮೇಡಂ ಈಗ ಮೊದಲಿಗಿಂತ ಚೆನ್ನಾಗಿ ಪಾಠ ಮಾಡುತ್ತಾರೆಂದು ಹೆಸರೂ ಬಂತು.

ಒಳಗಿನ ಭಯ ಮಾತ್ರ ಹೋಗಲಿಲ್ಲ. ಡಾಕ್ಟರಿಗೆ ಹೇಳಿಕೊಂಡೆ. "ಕೀಮೋ ಆದ ಮೇಲೆ ಹಲವರಿಗೆ ಹೀಗಾಗುತ್ತೆ. ಉಸಿರನ್ನ ಗಮನಿಸೋ ಧ್ಯಾನ ಮಾಡಿ ನೋಡಿ" ಎಂದರು. ಚಾಮರಾಜಪುರಂನಲ್ಲಿ ಒಂದು ಧ್ಯಾನದ ತರಗತಿಗೆ ಸೇರಿದೆ. ಪಕ್ಕದ ಚಾಪೆಯ ವಿಮಲಮ್ಮನವರೂ ನನ್ನಂತೆ ಕ್ಯಾನ್ಸರಿನಿಂದ ಎದ್ದು ಬಂದವರೇ. ಕೆಲವೇ ವಾರಗಳಲ್ಲಿ ಅವರಿಗೆ ನೆಂಟರಿಷ್ಟರ ಫೋನ್ ನಂಬರುಗಳೆಲ್ಲ ಬಾಯಿಗೆ ಬರತೊಡಗಿದವು. ನನಗೋ, ಕಣ್ಣು ಮುಚ್ಚಿದೊಡನೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಒಂದೇ ಯೋಚನೆ.

ಮತ್ತೆ ಡಾಕ್ಟರ ಬಳಿ ದೂರು. "ಧ್ಯಾನದಿಂದ ಯಾರಿಗೆ ಎಷ್ಟು ಅನುಕೂಲ ಅನ್ನೋದು ಅವರವರ ಜೀನ್ ಮೇಲೂ ನಿಂತಿರಬಹುದು ಅಂತಾರೆ. ಇನ್ನೂ ಖಚಿತ ಇಲ್ಲ. ನೀವು ಬಿಡಬೇಡಿ" ಎಂದರು.

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಖಚಿತ ಯಾಕಿಲ್ಲ? ನಿಮ್ಮಪ್ಪನ ಕಡೆಯೋರದ್ದು ಕಣಮ್ಮ ಅದು" ಎಂದಳು ಅಮ್ಮ. "ನಿಮ್ಮ ಸೋದರತ್ತೆ ತನ್ನ ಮಗಳನ್ನ ಕರ್ಕೊಂಡು ಬರೋಕೆ ಅಂತ ಮಂಡಕಳ್ಳಿ ಏರ್‌ಪೋರ್ಟಿಗೆ ಹೋಗಿ, ವಿಮಾನ ನೋಡ್ಕೊಂಡು ಒಬ್ಬಳೇ ವಾಪಸ್ ಬಂದ್ಬುಟ್ಳು."

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಮರೆವು ನಮ್ಮ ಕಡೆದೇ ಇರ್ಲಿ. ಐದು ನಿಮಿಷ ಬಾಯ್ಮುಚ್ಕೊಂಡು ಕೂರೋಕಾಗಲ್ವಲ್ಲ, ಅದು ಯಾರ ಕಡೇದು ಕೇಳು" ಎಂದರು.

ಎರಡೂ ಕಡೆಯವರ ಮೇಲಿನ ಹಟಕ್ಕೆ ನಾನು ದಿನಾ ಕಣ್ಣು ಮುಚ್ಚಿ ಕೂತೆ. ಅದರ ಫಲವೋ, ತಾನಾಗಿಯೇ ಆದದ್ದೋ ಗೊತ್ತಿಲ್ಲ, ಒಂದು ಬೆಳಿಗ್ಗೆ ತಲೆಯೊಳಗಿನ ಮಂಜು ಸರಿಯಿತು. ಎಲ್ಲೂ ತಡವರಿಸದೆ, ಯಾರನ್ನೂ ಒಂದು ಮಾತೂ ಕೇಳದೆ ಇಡೀ ಪಾಠ ನಾನೇ ಮುಗಿಸಿದೆ. ಸಂತೋಷಕ್ಕೆ ಕಣ್ಣು ತುಂಬಿ ಬಂದಿತ್ತು. ಹೊರಗೆ ಬರುವಷ್ಟರಲ್ಲಿ ಹುಡುಗಿಯೊಬ್ಬಳು ಹಿಂದೆಯೇ ಬಂದಳು. "ಮ್ಯಾಮ್, ಇವತ್ತು ಯಾಕೋ ನೀವು ನಮ್ಮನ್ನ ಏನೂ ಕೇಳ್ಲೇ ಇಲ್ಲ. ಹುಷಾರಿಲ್ವಾ?"

"ಸ್ವಲ್ಪ ಸುಸ್ತು ಕಣಮ್ಮ" ಎಂದೆ.

ಈಗ ಎಲ್ಲ ನೆನಪಿರುವ ದಿನಗಳಲ್ಲಿ ಮರೆತವಳಂತೆ ನಟಿಸುತ್ತೇನೆ. ನಿಜವಾಗಿ ಮರೆತಾಗಿನ ಕಳೆ ಅದಕ್ಕೆ ಬರುವುದಿಲ್ಲ.