ಹನ್ನೊಂದು ಅಡಿ ಉತ್ತರಕ್ಕೆ

ಜಕ್ಕೂರಿನ ನಮ್ಮ ಖಾಲಿ ಸೈಟಿನಲ್ಲಿ ಕೆಳಗೆ ಅಂಗಡಿ, ಮೇಲೆರಡು ಅಂತಸ್ತು ಆಫೀಸು ಕಟ್ಟುವುದೆಂದು ಅಪ್ಪ ತೀರ್ಮಾನಿಸಿದಾಗ, ಪೂರ್ವಸಿದ್ಧತೆಯ ಹೊಣೆಯನ್ನು ನಾನೇ ಕೇಳಿ ಪಡೆದೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ನಾಗಸಂದ್ರಕ್ಕೆ ಮೆಟ್ರೋ ಬಂದ ಹೊಸದು ಅದು. ಅಷ್ಟು ದೊಡ್ಡದನ್ನೇ ಜನ ಅಳೆದು ಕಟ್ಟುತ್ತಿರುವಾಗ ನಮ್ಮದೊಂದು ಕಾಂಪ್ಲೆಕ್ಸ್ ಯಾವ ಮಹಾ!

ಅಪ್ಪ ಹಾಕಿದ ಷರತ್ತು ಒಂದೇ. "ಉತ್ತರದ ಕಡೆ ಪಾಪಣ್ಣನ ಜಾಗ. ಅಲ್ಲಿ ಒಂದಂಗುಲಾನೂ ಆಚೆ ಈಚೆ ಆಗ್ಬಾರ್ದು ಕಣೇ."

ಕಾರಣವಿತ್ತು. ನಮ್ಮ ತಾತನೂ ಪಾಪಣ್ಣನವರ ಅಪ್ಪನೂ ಇದೇ ಗಡಿಗಾಗಿ ಜಗಳವಾಡಿ ಮಾತು ಬಿಟ್ಟವರು. ಆಮೇಲೆ ಎರಡು ಮನೆಗಳ ನಡುವೆ ಒಂದು ಮದುವೆ ಕಾಗದವೂ ಓಡಾಡಿರಲಿಲ್ಲ. ಅಪ್ಪ ಮತ್ತು ಪಾಪಣ್ಣ ಸೇರಿ ರಾಜಿಯಾಗಿ ಇನ್ನೂ ಐದು ವರ್ಷವಾಗಿತ್ತಷ್ಟೇ.

"ಒಂದಂಗುಲ ಯಾಕಪ್ಪಾ, ಅರ್ಧ ಅಂಗುಲಾನೂ ತಪ್ಪಲ್ಲ" ಎಂದೆ. ತಪ್ಪಲೂ ಇಲ್ಲ. ಅಂಗುಲದ ಮಟ್ಟಿಗೆ ನನ್ನ ಕೆಲಸ ಇಂದಿಗೂ ನಿರ್ದೋಷ!

ಮೊದಲು ಒಂದು ಲೋಡ್ ಜೆಲ್ಲಿಕಲ್ಲು ತರಿಸಿದೆ. ಅಮ್ಮನಿಗೆ ಆಶ್ಚರ್ಯ.

"ಪಾಯಾನೇ ತೆಗ್ದಿಲ್ಲ, ಈಗ್ಲೇ ಜೆಲ್ಲಿ ಯಾಕೆ?"

"ಇದನ್ನ ಯೋಜನೆ ಅಂತಾರಮ್ಮ."

"ಎಲ್ಲಿ ಸುರೀಲಿ ಮೇಡಂ?" ಎಂದ ಲಾರಿ ಡ್ರೈವರ್. ಓಡಾಟಕ್ಕೆ ಅಡ್ಡವಾಗದಿರಲಿ ಎಂದು ಈಶಾನ್ಯ ಮೂಲೆ ತೋರಿಸಿದೆ. ಅಲ್ಲಿ ಆಳೆತ್ತರ ಗಿಡಗಂಟಿ ಬೆಳೆದಿತ್ತು. ಎಲ್ಲದರ ಮೇಲೂ ಜೆಲ್ಲಿ ಬಿತ್ತು. ಒಳ್ಳೆಯ ಜಾಗ ಆರಿಸಿದೆ ಅನ್ನಿಸಿತು.

ಮರುದಿನ ಉಳಿದ ಗಿಡಗಂಟಿ ತೆಗೆಸಿ ಅಳತೆಗೆ ನಿಂತೆ. ಗುರುತು ಹಾಕುವುದು ಮೇಸ್ತ್ರಿಯ ಕೆಲಸ. ಅವರು ಹೆಜ್ಜೆ ಹಾಕಿ, ಕಣ್ಣು ಕಿರಿದು ಮಾಡಿ ನೋಡಿ, "ಸರಿಯಾಗಿದೆ" ಎಂದುಬಿಡುವವರು. ಅಂಥ ವಿಧಾನಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ಅವರಿಗೆ ರಜೆ ಕೊಟ್ಟೆ.

ಅಳತೆ ಶುರುವಾಗಬೇಕಾದದ್ದು ಈಶಾನ್ಯದ ಗಡಿಕಲ್ಲಿನಿಂದ. ಹುಡುಕಿದೆ. ಸಿಕ್ಕಿತು! ಮೊಣಕಾಲೆತ್ತರದ ಚಪ್ಪಡಿ, ತುಸು ವಾಲಿತ್ತು. ಮೇಲೆ ನೀಲಿ ಗುರುತು ಬೇರೆ. ಸರ್ವೆಯವರದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಲ್ಲಿಂದ ಟೇಪು ಹಿಡಿದು, ಪ್ರತಿ ಬದಿಯನ್ನೂ ಮೂರು ಸಲ ಅಳೆದು, ಸರಾಸರಿ ತೆಗೆದು ಸುಣ್ಣದ ಪುಡಿಯ ಗೆರೆ ಎಳೆದೆ. ಗೆರೆಗೂ ದಕ್ಷಿಣದ ಕಾಂಪೌಂಡ್ ಗೋಡೆಗೂ ನಡುವೆ ಹನ್ನೊಂದು ಅಡಿ ಹೆಚ್ಚಾಗಿ ಉಳಿಯಿತು. ಸರಿಯಾಗಿ ಯೋಜಿಸಿದರೆ ಎಷ್ಟೊಂದು ಜಾಗ ಉಳಿಯುತ್ತದೆ! "ಪಾರ್ಕಿಂಗ್" ಎಂದು ಬರೆದುಕೊಂಡೆ.

ಗುದ್ದಲಿ ಪೂಜೆಯ ದಿನ ಅಪ್ಪ ಗೆರೆಯ ಮುಂದೆ ನಿಂತು ತಲೆ ಓರೆ ಮಾಡಿದರು.

"ಯಾಕೋ ಎಲ್ಲಾ ಆ ಕಡೆಗೆ ಸರಿದ ಹಾಗಿದೆಯಲ್ಲೇ?"

"ಕಣ್ಣು ಮೋಸ ಮಾಡುತ್ತಪ್ಪಾ. ಟೇಪು ಮಾಡಲ್ಲ."

ಪುರೋಹಿತರು ನನ್ನ ಗೆರೆಯ ಈಶಾನ್ಯ ಮೂಲೆಯಲ್ಲಿ ಕಲಶ ಇಟ್ಟರು, ಮಂತ್ರ ಹೇಳಿದರು. ಅಪ್ಪ ಮೂರು ಸಲ ಗುದ್ದಲಿ ಹಾಕಿದರು. ಪಾಪಣ್ಣನವರು ಬಿಳಿ ಪಂಚೆ ಉಟ್ಟು ಒಬ್ಬರೇ ಬಂದಿದ್ದರು; ಅವರ ಹೆಂಡತಿ ಚೌಡಮ್ಮ ಯಾವುದೋ ನಾಮಕರಣಕ್ಕೆ ಹೋಗಿದ್ದರು. ಪಾಪಣ್ಣ ಕಲಶ ನೋಡಿದರು. ಸುಣ್ಣದ ಗೆರೆ ನೋಡಿದರು. ನನ್ನ ಕೈಯ ನೋಟ್‌ಬುಕ್ ನೋಡಿದರು.

"ಎಲ್ಲಾ ಅಳತೆ ಮಾಡಿದ್ದೀಯೇನವ್ವ?"

"ಮೂರು ಮೂರು ಸಲ ಅಂಕಲ್."

ಅವರು ಕೋಸಂಬರಿಯನ್ನು ಎಲೆಯಲ್ಲೇ ಬಿಟ್ಟು ಹೋದರು. ಉಪ್ಪು ಕಮ್ಮಿಯಾಯಿತೇನೋ ಎಂದು ಅಮ್ಮ ಪೇಚಾಡಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಜೆಸಿಬಿ ಬಂತು. ಎಲ್ಲಿಂದ ಅಗೆಯಬೇಕೆಂದು ನಾನು ಬೆರಳು ತೋರಿಸಿದೆ. ಅದು ತನ್ನ ಸೊಂಡಿಲು ಎತ್ತಿತು. ಅಷ್ಟರಲ್ಲಿ ಚೌಡಮ್ಮ ಬಕೆಟ್ ತುಂಬ ಬಟ್ಟೆ ಹೊತ್ತು ಬಂದು, ಅದರ ಮುಂದೆಯೇ ಹಾದು, ನನ್ನ ಗಡಿಕಲ್ಲಿನ ಮೇಲೆ ಒಂದು ಪಂಚೆ ಬಡಿದರು.

"ಆಂಟೀ, ಅದು ಸರ್ವೆ ಕಲ್ಲು!"

"ಯಾವ ಸರ್ವೆನೇ? ನಾನು ಮದ್ವೆಯಾಗಿ ಬಂದಾಗಿಂದ ಇದ್ರ ಮೇಲೇ ಒಗೀತಿದೀನಿ."

"ಮತ್ತೆ ಆ ನೀಲಿ ಗುರುತು?"

"ಬಟ್ಟೆ ನೀಲಿ ಕಣವ್ವ! ಬಿಳೀ ಪಂಚೆಗೆ ಇನ್ನೇನ್ ಆಕ್ತಾರೆ? ಅದ್ಸರಿ, ನಮ್ ಜಾಗದಾಗೆ ಯಾಕಿಂಗೆ ರಂಗೋಲಿ ಬಿಟ್ಟಿದ್ದೀಯ?"

ನಾನು ಕೈ ಎತ್ತಿ "ನಿಲ್ಸಿ!" ಎಂದು ಕಿರುಚಿದೆ. ನಾನು ಸಾರ್ವಜನಿಕವಾಗಿ ಕಿರುಚುವವಳಲ್ಲ. ಜೆಸಿಬಿ ನಿಂತಿತು. ದೇವರು ಅದರ ಡ್ರೈವರಿಗೆ ಒಳ್ಳೆಯದು ಮಾಡಲಿ.

ಜೆಲ್ಲಿ ರಾಶಿ ಸರಿಸಿದಾಗ ಅದರ ಬುಡದಲ್ಲಿ ಅಸಲಿ ಗಡಿಕಲ್ಲು ನಮ್ಮ ಸೈಟಿನ ನಂಬರು ಹೊತ್ತು ಸುಮ್ಮನೆ ಕೂತಿತ್ತು. ಅಪ್ಪ ನನ್ನ ಕೈಯಿಂದ ಟೇಪು ಕಿತ್ತುಕೊಂಡು ಅಳೆದರು. ಎರಡು ಕಲ್ಲುಗಳ ನಡುವೆ ಹನ್ನೊಂದು ಅಡಿ. ನನ್ನ ಪಾರ್ಕಿಂಗ್!

"ಪಾಪಣ್ಣ ನಿನ್ನೆ ಊಟ ಬಿಟ್ಟು ಹೋಗಿದ್ದು ಇದಕ್ಕೇ" ಎಂದರು ಅಪ್ಪ. ಅವರ ಮುಖ ಬಿಳುಚಿತ್ತು. "ನಡಿ, ಕೈ ಮುಗಿದು ಬರೋಣ. ಮತ್ತೆ ಮಾತು ಬಿಡ್ಲಿಲ್ಲ ಅಂದ್ರೆ ನಮ್ಮ ಪುಣ್ಯ."

ಪಾಪಣ್ಣನವರ ನಡುಮನೆಯಲ್ಲಿ ಕಬ್ಬಿಣದ ಟ್ರಂಕು ಬಾಯಿ ತೆರೆದಿತ್ತು. ನೆಲದ ತುಂಬ ಹಳೇ ಪತ್ರಗಳು. ಕೋರ್ಟಿಗೇ ಹೊರಟಿದ್ದಾರೆ ಎಂದುಕೊಂಡೆ. ಅಪ್ಪ ಕೈ ಜೋಡಿಸುವಷ್ಟರಲ್ಲಿ ಪಾಪಣ್ಣನವರೇ ಎದ್ದು ಕೈ ಮುಗಿದುಬಿಟ್ಟರು!

"ತಪ್ಪಾಗೋಯ್ತು ಸ್ವಾಮಿ. ಇಷ್ಟು ವರ್ಷ ನಿಮ್ಮ ಜಾಗದಲ್ಲಿ ಬಟ್ಟೆ ಒಗ್ದಿದೀವಿ."

"ನಮ್ಮ ಜಾಗವೇ?"

"ಮಗ್ಳು ಓದಿರೋಳು, ಮೂರು ಸಲ ಅಳ್ದಿದಾಳೆ. ನಮ್ಮಪ್ಪನೇ ಸುಳ್ಳು ಏಳಿರ್ಬೇಕು ಅಂದ್ಕೊಂಡೆ. ಆವತ್ತಿನ ಜಗಳದಲ್ಲಿ ನಿಮ್ಮ ತಂದೇದೇ ಸರಿ ಅಂತ ಕಾಣುತ್ತೆ. ನೆನ್ನೆಯಿಂದ ಪತ್ರ ಹುಡುಕ್ತಾನೇ ಇದೀನಿ."

ಹಿಂದೆಯೇ ಬಂದ ಚೌಡಮ್ಮ ಬಕೆಟ್ಟನ್ನು ದಬ್ಬೆಂದು ಕೆಳಗಿಟ್ಟರು. "ಅಯ್ಯೋ ನಿಮ್ಮ! ಆ ಉಡ್ಗಿ ನನ್ನ ಒಗೆಯೋ ಕಲ್ಲಿನಿಂದ ಅಳ್ದವ್ಳೆ ಕಣ್ರೀ!"

ಪಾಪಣ್ಣ ನಗಲು ಶುರು ಮಾಡಿದರು. ಅಪ್ಪನೂ ನಕ್ಕರು. ಟ್ರಂಕು ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು.

"ಪೂಜೆ ಮಾತ್ರ ನಮ್ ಜಾಗಕ್ಕೆ ಆಗೋಯ್ತಲ್ಲ ಸ್ವಾಮಿ" ಎಂದರು ಪಾಪಣ್ಣ. "ವಾಪಸು ಕೊಡಲ್ಲ."

ಎರಡನೆಯ ಪೂಜೆ ಮುಂದಿನ ವಾರ ನಡೆಯಿತು. ಮೇಸ್ತ್ರಿ, ಅಪ್ಪ, ಪಾಪಣ್ಣ ಮೊದಲಾದವರು ಅಸಲಿ ಕಲ್ಲಿನ ಸುತ್ತ ನಿಂತು ಗಂಭೀರವಾಗಿ ಚರ್ಚಿಸುತ್ತಿದ್ದರು. ನಾನೂ ಹೋಗಿ ನಿಂತೆ. ಅಪ್ಪ ತಿರುಗಿ, "ಏಳು ಕಾಫಿ ತಾಮ್ಮ" ಎಂದರು.

ಏಳು ಲೋಟ ತಂದು ಕೊಟ್ಟೆ. ಎಲ್ಲರಿಗೂ ಸಿಕ್ಕಿತು. ಅಲ್ಲಿ ನಿಂತಿದ್ದವರು ಎಂಟು ಜನ. ಎಂಟನೆಯವಳು ನಾನು. ಅಪ್ಪನ ಎಣಿಕೆ ಎಷ್ಟು ಸರಿಯೆಂದರೆ, ನಾನು ಮರುಪರಿಶೀಲಿಸಲಿಲ್ಲ. ಹಾಯಾಗಿ ಮನೆಗೆ ಬಂದು ನನ್ನ ಪಾಲಿನದನ್ನು ಕುಡಿದೆ.