ಮಡಚು ಚಾಕುವಿನ ಮಹಿಮೆ

ತಾಲ್ಲೂಕು ಕಚೇರಿಯ ಗುಮಾಸ್ತನಿಗೂ ಚಾಕುವಿಗೂ ಏನು ನಂಟು ಎನ್ನಬೇಡಿ. ಮಹಾರಾಜರ ಕಾಲದಲ್ಲಿ ನನಗೆ ಯಾವ ಊರಿಗೆ ವರ್ಗವಾದರೂ, ನನಗಿಂತ ಮುಂಚೆ ಅಲ್ಲೊಂದು ಮಡಚು ಚಾಕು ಬಂದು ಕೂತಿರುತ್ತಿತ್ತು. ಕೊಂಬಿನ ಹಿಡಿ, ಗೇಣುದ್ದದ ಅಲಗು. ಬಿಚ್ಚುವಾಗ ಹಲ್ಲುಹಲ್ಲಿಗೂ ನಿಂತು ‘ಕಟ ಕಟ ಕಟ’ ಎನ್ನುವುದು. ಒಂದೊಂದು ‘ಕಟ’ಕ್ಕೂ ಒಂದೊಂದು ತಲೆ ಉರುಳಿದೆ ಎಂದು ಜನ ನಂಬಿದ್ದರು. ನಾನು ಓದಿದವನು, ನಂಬುತ್ತಿರಲಿಲ್ಲ. ಆದರೂ ಆ ಸದ್ದು ಕೇಳಿದರೆ ಮೈ ಜುಂ ಎನ್ನುತ್ತಿತ್ತು, ಸುಳ್ಳೇಕೆ ಹೇಳಲಿ.

ಸೌತೆಕಾಯಿ

ಸಿರಾ ಸಂತೆಯಲ್ಲಿ ಅತ್ತರು ಮಾರುವ ಸಾಬರೊಬ್ಬರಿದ್ದರು. ಬಿಳಿ ಗಡ್ಡ, ಇರುವೆಗೂ ದಾರಿ ಬಿಡುವ ಸ್ವಭಾವ. ಬಿಸಿಲಿಗೆ ಬಾಯಾರಿ ಒಂದು ಸೌತೆಕಾಯಿ ಆರಿಸಿ, ಹೆಚ್ಚೋಣವೆಂದು ಜೇಬಿನಿಂದ ಚಾಕು ತೆಗೆದು ಬಿಚ್ಚಿದರು. ಕಟ ಕಟ ಕಟ!

ಅಷ್ಟು ದೊಡ್ಡ ಸಂತೆ ಒಂದೇ ಸಲ ಬಾಯಿ ಮುಚ್ಚಿತು. ಕಾಯಿ ಮಾರುವವಳು ಬುಟ್ಟಿಯನ್ನೇ ಅವರ ಮುಂದೆ ಸುರಿದು, ‘ಎಲ್ಲಾನೂ ತಗಂಡೋಗಿ ಸಾಬ್ರೇ, ನಮ್ಮನ್ನ ಮಾತ್ರ ಬುಟ್ಬುಡಿ!’ ಎಂದು ಕೈಮುಗಿದಳು.

ಸಾಬರು ಕಂಗಾಲಾದರು. ‘ಅರೆ ಅಮ್ಮಾ, ನನಗೆ ಒಂದೇ ಸಾಕು. ಚಿಟಿಕೆ ಉಪ್ಪು ಸಿಗುತ್ತಾ?’ ಎಂದರು.

ಪಕ್ಕದ ಉಪ್ಪಿನ ವ್ಯಾಪಾರಿ ಮೂಟೆಯನ್ನೇ ಮುಂದಕ್ಕೆ ತಳ್ಳಿದ.

ಕುರ್ಚಿ

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ತಪ್ಪಿದ್ದಲ್ಲ ಎಂಬುದು ನಮ್ಮಲ್ಲಿ ಶಾಸ್ತ್ರ. ಕೊಡುವವನು ಎಲ್ಲಾದರೂ ಇಡಬೇಕು, ತೆಗೆದುಕೊಳ್ಳುವವನು ಎತ್ತಿಕೊಳ್ಳಬೇಕು. ಪಾವಗಡದಲ್ಲಿ ಪೇದೆಯೊಬ್ಬ ಯಾವನಿಂದಲೋ ಕಿತ್ತುಕೊಂಡ ಚಾಕುವನ್ನು ಕಚೇರಿಗೆ ತಂದ. ತಾಲ್ಲೂಕಿನ ಸಾಹೇಬರಾದ ಅಮಲ್ದಾರರು ಇನ್ನೂ ಬಂದಿರಲಿಲ್ಲ. ಭಕ್ತಿಯಿಂದ ಅವರ ಕುರ್ಚಿಯ ಮೇಲೇ ಇಟ್ಟು ಹೊರಟುಹೋದ.

ಅಮಲ್ದಾರರು ಬಂದು, ‘ಎತ್ತೋ ಅದನ್ನ’ ಎಂದು ಜವಾನನಿಗೆ ಹೇಳಿದರು.

‘ವದ್ದು ಸಾಮೀ, ಬ್ಯಾಡ! ನಾನು ಮಕ್ಕಳೊಂದಿಗ!’ ಎಂದು ಅವನು ಬಾಗಿಲಾಚೆ ನಿಂತ.

ನನ್ನ ಕಡೆ ನೋಡಿದರು. ನಾನು ಕಡತದಿಂದ ತಲೆ ಎತ್ತಲಿಲ್ಲ. ಕೊನೆಗೆ ಅವರೇ ಕೈ ಹಾಕಿದರು. ಅದು ‘ಕಟ್’ ಎಂದು ಒಂದೇ ಒಂದು ಹಲ್ಲು ಸರಿಯಿತು. ಅಮಲ್ದಾರರು ಕೈ ಹಿಂದಕ್ಕೆಳೆದುಕೊಂಡು, ‘ಇರಲಿ ಬಿಡಿ, ಇವತ್ತು ಕೂರುವ ಮನಸ್ಸಿಲ್ಲ’ ಎಂದರು.

ಸಾಹೇಬರು ನಿಂತಿರುವಾಗ ನಾವು ಕೂರುವುದೆಂತು? ಎಲ್ಲರೂ ನಿಂತೇ ಕೆಲಸ ಮಾಡಿದೆವು. ಅರ್ಜಿಗಳೆಲ್ಲ ಮಧ್ಯಾಹ್ನದೊಳಗೇ ಮುಗಿದುವು. ಅಂಥ ಚುರುಕು ಕಚೇರಿಯನ್ನು ನಾನು ಮತ್ತೆ ಕಾಣಲಿಲ್ಲ.

ಸೀಟು

ಯುದ್ಧದ ಕಾಲದ, ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು. ಕೊರಟಗೆರೆಯಲ್ಲಿ ಹತ್ತಿದ ಅಜ್ಜಿಗೆ ನಿಲ್ಲಲೂ ಜಾಗವಿರಲಿಲ್ಲ. ಆಕೆ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಚಾಕು ತೆಗೆದು, ಕಟ ಕಟ ಎನಿಸಿ, ನಿಂತೇ ಅಡಿಕೆ ಹೋಳು ಮಾಡತೊಡಗಿದಳು. ಮುಂದಿನ ಬೆಂಚಿನವರೆಲ್ಲ ಮಾತಿಲ್ಲದೆ ಎದ್ದರು. ಅಜ್ಜಿ ಕಾಲು ಚಾಚಿ ಕೂತಳು.

‘ಅಡಿಕೆಗೆ ಇಂಥಾ ಚಾಕು ಯಾಕಜ್ಜೀ?’ ಎಂದೆ, ಸ್ವಲ್ಪ ದೂರದಿಂದಲೇ.

‘ಬಸ್ನಾಗೆ ಸೀಟು ಸಿಕ್ಕಾಕಿಲ್ಲ ಅಂತ ನಮ್ಮ ಅಳೀಮಯ್ಯ ಕೊಡ್ಸವ್ನೆ ಕಣಪ್ಪಾ.’

ಹುಣಸೆ ತೋಪು

ಮಿಡಿಗೇಶಿ ಕಡೆಯ ಒಂದು ಹುಣಸೆ ತೋಪಿಗೆ ಮುದುಕನೊಬ್ಬ ಕಾವಲಿದ್ದ. ಒಂಟಿ ಜೀವ, ಆ ಕಾವಲೇ ಅವನಿಗೆ ಅನ್ನ. ಮೈಯಲ್ಲಿ ಕಸುವಿರಲಿಲ್ಲ, ಆದರೆ ಸೊಂಟದಲ್ಲಿ ಚಾಕು ಇತ್ತು. ಅದರ ಹೆಸರು ಕೇಳಿಯೇ ಕಾಯಿಗಳ್ಳರು ಆ ದಾರಿ ಬಿಟ್ಟಿದ್ದರು. ಒಬ್ಬ ಗಟ್ಟಿಗ ಮಾತ್ರ ಧೈರ್ಯಮಾಡಿ ಕಾಯಿ ಬಡಿಯಲು ಹೋಗಿ, ಎದ್ದುಬಿದ್ದು ಓಡಿಬಂದು, ಮುದುಕ ಚಾಕು ಬಿಚ್ಚಿ ಕೊಲ್ಲಲು ಬಂದನೆಂದು ಫಿರ್ಯಾದು ಕೊಟ್ಟ.

ಆಗ ನಾನಿದ್ದ ಮಧುಗಿರಿಯಲ್ಲಿ ಅಮಲ್ದಾರರೇ ಮ್ಯಾಜಿಸ್ಟ್ರೇಟರು. ವಿಚಾರಣೆಯ ದಿನ ಊರಿಗೆ ಊರೇ ಬಂದು ಕಚೇರಿಯ ಕಿಟಕಿಗೆ ಜೋತುಬಿದ್ದಿತ್ತು.

‘ಚಾಕು ಬಿಚ್ಚಿದ್ದನ್ನು ನೋಡಿದೆಯಾ?’ ಎಂದು ಸಾಹೇಬರು ಗಟ್ಟಿಗನನ್ನು ಕೇಳಿದರು.

‘ಕಂಬ್ಳಿ ಒಳಗಿತ್ತು ಬುದ್ಧೀ. ಆದ್ರೆ ಕಿವಿಯಾರೆ ಕೇಳ್ದೆ. ಕಟ ಕಟ ಕಟ ಅಂತು. ಆಮ್ಯಾಕೆ ನಾನಲ್ಲಿ ನಿಂತಿದ್ರಲ್ವಾ!’

‘ಎಲ್ಲಿ, ಬಿಚ್ಚಿ ತೋರಿಸು’ ಎಂದು ಸಾಹೇಬರು, ಮುದುಕನಿಂದ ಜಫ್ತಿಯಾದ ಚಾಕು ಹಿಡಿದು ನಿಂತಿದ್ದ ಪೇದೆಗೆ ಹೇಳಿದರು. ಪೇದೆ ಎಳೆದ, ಬರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ, ಊಹ್ಞೂಂ. ಸಾಹೇಬರೇ ರುಮಾಲು ಸುತ್ತಿ ಮುಖ ಕೆಂಪಾಗುವವರೆಗೆ ಎಳೆದರು. ಒಳಗೆಲ್ಲ ತುಕ್ಕು. ಅದು ಬಿಚ್ಚಿ ಯಾವ ಕಾಲವಾಗಿತ್ತೋ.

ಬಿಡುಗಡೆ ಖಾತ್ರಿಯೆಂದು ನಾನು ಮುದುಕನ ಕಡೆ ನೋಡಿದರೆ, ಅವನ ಮುಖ ಬಾಡಿಹೋಗಿತ್ತು. ಮೆಲ್ಲಗೆ ನನ್ನ ಮೇಜಿನ ಹತ್ತಿರ ಸರಿದು ಹೇಳಿದ: ‘ಸ್ವಾಮೀ, ಇದು ಬಿಚ್ಚಾಕಿಲ್ಲ ಅಂತ ಜನಕ್ಕೆ ಗೊತ್ತಾದ್ರೆ ನಾಳೀಕೆ ತೋಪ್ನಾಗೆ ಒಂದು ಕಾಯಿ ಉಳಿಯಾಕಿಲ್ಲ. ನನ್ನ ಕಾವ್ಲೂ ಹೋಯ್ತದೆ. ಹೆಂಗಾದ್ರೂ ಜೈಲಿಗೆ ಹಾಕ್ಸಿ, ಮುದ್ದೆನಾದ್ರೂ ಸಿಕ್ತದೆ.’

ಸಾಹೇಬರು ಬೆವರೊರೆಸಿಕೊಂಡು, ‘ಬಿಡುಗಡೆ’ ಎಂದರು.

ಜನ ಕತ್ತು ಚಾಚಿ ಚಾಕುವನ್ನೇ ನೋಡಿದರು. ಆಮೇಲೆ ಕಿಟಕಿಯ ಕಡೆಯಿಂದ ಒಂದು ದನಿ ಬಂತು: ‘ನೋಡ್ದ್ರೇನ್ಲಾ! ಪೊಲೀಸ್ರಿಗೂ ಬಾಯಿ ಬುಡ್ಲಿಲ್ಲ, ಅಮಲ್ದಾರ್ರಿಗೂ ಬಾಯಿ ಬುಡ್ಲಿಲ್ಲ. ಒಡೆಯನ ಕೈಗಲ್ದೆ ಬ್ಯಾರೆ ಕೈಗೆ ಬಿಚ್ಚಾಕಿಲ್ಲ ಕಣ್ಲಾ ಅದು!’

ಗಟ್ಟಿಗ ಅಲ್ಲೇ ಮುದುಕನ ಕಾಲಿಗೆ ಬಿದ್ದ. ಜನ ಎರಡು ಸಾಲಾಗಿ ಸರಿದು ಮುದುಕನಿಗೆ ದಾರಿ ಬಿಟ್ಟರು. ನಮ್ಮ ಸಾಹೇಬರೂ ಚಾಕುವನ್ನು ಹೊಸ ಗೌರವದಿಂದ ನೋಡಿ, ‘ಹಿಂದಕ್ಕೆ ಕೊಟ್ಟುಬಿಡಿ’ ಎಂದು ನನಗೆ ಹೇಳಿದರು.

ಜನ ಚದುರಿದ ಮೇಲೆ, ಚಾಕು ಕೊಡಲೆಂದು ಮುದುಕನನ್ನು ಜಗಲಿಗೆ ಕರೆದೆ. ‘ಅಲ್ಲಯ್ಯಾ, ಇದು ಬಿಚ್ಚುವುದೇ ಇಲ್ಲ. ಹಾಗಾದರೆ ಅವನು ಕೇಳಿದ ಸದ್ದು ಎಲ್ಲಿಂದ ಬಂತು?’

ಮುದುಕ ಅತ್ತಿತ್ತ ನೋಡಿ, ಕಂಬಳಿಯನ್ನು ಬಾಯಿಗೆ ಅಡ್ಡ ಹಿಡಿದು, ನಾಲಿಗೆಯನ್ನು ಅಂಗುಳಿಗೆ ಬಡಿದ. ಕಟ ಕಟ ಕಟ!

ನಾನು ಒಂದೇ ನೆಗೆತಕ್ಕೆ ಜಗಲಿಯಿಂದ ಬೀದಿಗೆ ಹಾರಿ, ‘ಬೇಡಪ್ಪಾ, ಬೇಡ!’ ಎಂದು ಕೈಯೆತ್ತಿದೆ. ಚಾಕು ಆ ಕೈಯಲ್ಲೇ ಇತ್ತು.